ಜೋಡಿ ಸಮೆಯಲ್ಲಿ ಒಂದು ಯಾರಿಗೆ?



ಆಷಾಢದ ಜಿಟಿಜಿಟಿ ಮಳೆ ಹಿಡಿದು ಕೂತಿದೆ. ಧಾರವಾಡದ ಕಡೆಯವರಿಗೆ ಇದೇನು ಹೊಸದಲ್ಲ. ಒಗೆದ ಅರಿವೆ ಒಣಗುವುದಿಲ್ಲ, ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುತ್ತವೆ, ಅಟ್ಟದ ಮೇಲಿನ ಹಿತ್ತಾಳೆ ಭಾಂಡೆಗಳು ಕಪ್ಪಿಡುತ್ತವೆ. ನಾಗರ ಅಮಾವಾಸ್ಯೆ ಇನ್ನೇನು ಬಂತು. ಮೈಸೂರು ಕಡೆಯವರು ಭೀಮನ ಅಮಾವಾಸ್ಯೆ ಎನ್ನುವುದೂ ಇದನ್ನೇ, ಮಹಾರಾಷ್ಟ್ರದವರು ದೀಪ ಅಮಾವಾಸ್ಯೆ ಎನ್ನುವುದೂ ಇದನ್ನೇ. ಬಹಳ ಮನೆಗಳಲ್ಲಿ ಅಂದು ದೀಪಗಳನ್ನೆಲ್ಲ ಇಳಿಸಿ, ತಿಕ್ಕಿ ಬೆಳಗಿ, ಸಾಲಾಗಿ ಇಟ್ಟು ಪೂಜೆ ಮಾಡುತ್ತಾರೆ. ನಮ್ಮ ಕಡೆಯ ಮಾತು ನೋಡಿರಿ, ಭಾಂಡೆ ತಿಕ್ಕುವುದಕ್ಕೂ 'ಬೆಳಗುವುದು' ಎನ್ನುತ್ತೇವೆ, ಆರತಿ ಎತ್ತುವುದಕ್ಕೂ 'ಬೆಳಗುವುದು' ಎನ್ನುತ್ತೇವೆ. ಮಾತು ಒಂದೇ ಆದರೂ ಎರಡೂ ಕೆಲಸ ಒಂದೇ ಕೈಗೆ ಸಿಗುತ್ತಿದ್ದವೆಂದು ಮಾತ್ರ ಹೇಳುವಂತಿಲ್ಲ. ಅದನ್ನು ಮುಂದೆ ಬರೆಯುತ್ತೇನೆ.

ಈ ಹದಿನೈದು ದಿನಗಳಲ್ಲಿ ಬಂದ ಪತ್ರಗಳಲ್ಲಿ ಒಂದು ನನ್ನ ಕೈಯಲ್ಲೇ ಉಳಿದುಬಿಟ್ಟಿತು. ಬರೆದ ತಂಗಿಯ ಹೆಸರು, ಊರು ಬೇಡ. ಪತ್ರದ ತಿರುಳು ಇಷ್ಟು:

"ಅಕ್ಕಾವ್ರೆ, ನಮ್ಮ ಅತ್ತೆಯವರು ತೀರಿಕೊಂಡು ಮೊನ್ನೆಗೆ ವರ್ಷವಾಯಿತು. ಅವರ ತವರಿನಿಂದ ಬಂದ ಎರಡು ಹಿತ್ತಾಳೆ ಸಮೆಗಳಿವೆ, ಮೊಣಕಾಲೆತ್ತರದವು. ಅವುಗಳಲ್ಲಿ ಒಂದನ್ನು ನಾದಿನಿ ಕೇಳುತ್ತಾಳೆ. ಆಕೆಯ ಗಂಡ ತೀರಿಕೊಂಡು ಮೂರು ವರ್ಷ. ಚಿಕ್ಕತ್ತೆಯವರು 'ಜೋಡಿ ಸಮೆ ಅಗಲಿಸಬಾರದು, ಅದೂ ಅಂಥಾಕಿ ಕೈಯಾಗ ಕೊಡಬಾರದು' ಅಂತಾರೆ. ನಮ್ಮ ಮನೆಯವರು 'ಈ ಜಗಳಾನ ಬ್ಯಾಡ, ಎರಡೂ ತೂಕಕ್ಕ ಹಾಕಿ ರೊಕ್ಕಾ ಹಂಚೋಣು, ನಿನಗ ಹೊಸಾ ಜೋಡಿ ತಂದ್ರಾತು' ಅಂತಾರೆ. ನಾನು ಏನು ಮಾಡಲಿ?"

ಸಣ್ಣ ವಿಷಯ ಎನಿಸಬಹುದು. ನನಗೆ ಹಾಗೆ ಅನಿಸಲಿಲ್ಲ. ಹೊಲ-ಮನೆ ಹಂಚುವಾಗ ಗಂಡಸರು ನಕಾಶೆ ಹಿಡಿದು ಕೂಡುತ್ತಾರೆ. ಹೆಂಗಸರ ಹಂಚಿಕೆಯೆಲ್ಲ ಇಂಥ ಸಮೆ, ಕೊಡ, ತಾಟುಗಳಲ್ಲೇ ಆಗುವುದು. ಮನಸ್ಸು ಮುರಿಯುವುದೂ ಅಲ್ಲಿಯೇ.

ಮೊದಲು ಯಜಮಾನರ ಮಾತನ್ನೇ ತೆಗೆದುಕೊಳ್ಳೋಣ, ತೂಕಕ್ಕೆ ಹಾಕುವುದು. ಅದಕ್ಕೆ ಸಮೆ ಎಂದರೆ ಏನೆಂದು ಸ್ವಲ್ಪ ತಿಳಿದಿರಬೇಕು. ಈಗಿನ ಹುಡುಗಿಯರು ಎಲ್ಲಕ್ಕೂ 'ದೀಪದ ಕಂಬ' ಎಂದುಬಿಡುತ್ತಾರೆ. ನಮ್ಮಲ್ಲಿ ಹಾಗಲ್ಲ. ನೆಲದ ಮೇಲೆ ನಿಲ್ಲುವ ಎತ್ತರದ ದೀಪ ಸಮೆ, ಮರಾಠಿಯವರ ಸಮಯಿ. ದೇವರ ಮುಂದೆ ತುಪ್ಪದ ಬತ್ತಿ ಹಾಕುವ ಗೇಣೂ ಇಲ್ಲದ ದೀಪ ನೀಲಾಂಜನ. ಸರಪಳಿಯಿಂದ ಇಳಿಬಿಟ್ಟದ್ದು ತೂಗುದೀಪ. ಮಣ್ಣಿನದು ಪಣತಿ. ಆರದಂತೆ ಕಾಯುವ ದೀಪ ಯಾವುದೇ ಇರಲಿ, ಅದು ನಂದಾದೀಪ. ಈ ನಂದಾದೀಪದ ಸುದ್ದಿ ಬಹಳ ಹಳೆಯದು. ನಮ್ಮ ಧಾರವಾಡ-ಗದಗ ಭಾಗದ ಚಾಳುಕ್ಯರ ಕಾಲದ ಕಲ್ಬರಹಗಳಲ್ಲಿ ಗುಡಿಯ ನಂದಾದೀವಿಗೆಗೆ ಗಾಣದಿಂದ ಇಷ್ಟು ಎಣ್ಣೆ ಎಂದು ಬಿಟ್ಟ ದಾನಗಳು ಹೆಜ್ಜೆಹೆಜ್ಜೆಗೆ ಬರುತ್ತವೆ. ಸೊಡರು ಎಂದರೆ ಹಳಗನ್ನಡದಲ್ಲಿ ದೀಪ. ಗಾಣಿಗರನ್ನು ತೆಲ್ಲಿಗರೆಂದು, ಅವರ ಸಂಘವನ್ನು ಐವತ್ತೊಕ್ಕಲೆಂದು ಕರೆಯುತ್ತಿದ್ದರು. ಅರಸರಷ್ಟೇ ಅಲ್ಲ, ಎಣ್ಣೆ ತೆಗೆಯುವವರೂ ದೀಪಕ್ಕೆ ಪಾಲು ಕೊಟ್ಟವರೆಂದು ಕಲ್ಲಿನ ಮೇಲೆ ಉಳಿದಿದೆ.

ಸಮೆಯನ್ನು ಒಮ್ಮೆ ಬಿಚ್ಚಿ ನೋಡಿರಿ. ಬುಡ, ಕಂಬ, ಬಟ್ಟಲು, ಮೇಲಿನ ಶಿಖರ, ಹೀಗೆ ತುಂಡು ತುಂಡಾಗಿ ಬರುತ್ತದೆ. ಒಂದಕ್ಕೊಂದು ತಿರುಪಿನಿಂದ ಕೂಡುತ್ತವೆ. ಬುಡ ಅಗಲವಾಗಿ ಭಾರ ಇರುತ್ತದೆ, ಮಗು ಸೆರಗು ಜಗ್ಗಿದರೂ, ಗಾಳಿ ಬಂದರೂ ಉರುಳಬಾರದಲ್ಲವೆ? ಬಟ್ಟಲು ಅಗಲ, ಆದರೆ ಆಳ ಕಡಿಮೆ. ಅಂದಕ್ಕೆ ಮಾಡಿದ್ದಲ್ಲ ಇದು. ಬತ್ತಿ ಎಣ್ಣೆಯನ್ನು ತಾನೇ ಮೇಲಕ್ಕೆ ಎಳೆದುಕೊಳ್ಳಬೇಕು, ಎಣ್ಣೆ ಬಹಳ ಕೆಳಗೆ ಹೋದರೆ ಎಳೆಯಲಾಗದೆ ಬತ್ತಿಯೇ ಸುಟ್ಟುಕೊಳ್ಳುತ್ತದೆ. ಬಟ್ಟಲು ಅಗಲವಿದ್ದರೆ ಎಣ್ಣೆ ನಿಧಾನ ಇಳಿಯುತ್ತದೆ, ಬತ್ತಿಯ ತುದಿಗೆ ಹತ್ತಿರವೇ ಇರುತ್ತದೆ. ಬತ್ತಿ ಕೂಡುವ ಮೂತಿ ಸ್ವಲ್ಪ ಮೇಲಕ್ಕೆ ಎದ್ದಿರಬೇಕು. ಮೂತಿ ಜೋತಿದ್ದರೆ ರಾತ್ರಿಯಿಡೀ ಎಣ್ಣೆ ತೊಟ್ಟಿಕ್ಕಿ ಬೆಳಿಗ್ಗೆ ನೆಲವೆಲ್ಲ ಜಿಡ್ಡು. ಕೆಲವು ಸಮೆಗಳಲ್ಲಿ ಕಂಬದ ನಡುವೆ ತಟ್ಟೆಯಂಥ ಬಳೆ ಇರುತ್ತದೆ, ಅದೂ ತೊಟ್ಟಿಕ್ಕಿದ್ದನ್ನು ಹಿಡಿಯಲಿಕ್ಕೆ. ಇದನ್ನೆಲ್ಲ ಯೋಚನೆ ಮಾಡಿದವರು ಕಂಚಗಾರರು, ಅವರು ಯಾವ ಕಾಲೇಜಿಗೂ ಹೋದವರಲ್ಲ.

ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಕೂಡಿಸಿದ್ದು, ಕಂಚು ಅಂದರೆ ತಾಮ್ರಕ್ಕೆ ತವರ ಕೂಡಿಸಿದ್ದು. ಗೊಂಬೆ, ಹಕ್ಕಿ, ಆನೆ ಇರುವ ದೀಪಗಳನ್ನು ಮೇಣದ ಅಚ್ಚಿನಿಂದ ಎರೆಯುತ್ತಾರೆ. ಮೊದಲು ಮೇಣದಲ್ಲಿ ರೂಪ ತಿದ್ದಿ, ಅದರ ಮೇಲೆ ಮಣ್ಣು ಮೆತ್ತಿ ಒಣಗಿಸಿ, ಕಾಸಿದರೆ ಮೇಣ ಕರಗಿ ಹೊರಗೆ ಹರಿಯುತ್ತದೆ. ಆ ಖಾಲಿ ಜಾಗಕ್ಕೆ ಕಾದ ಲೋಹ ಸುರಿಯುವುದು. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದೇ ತೆಗೆಯಬೇಕು. ಆದುದರಿಂದ ಒಂದು ಅಚ್ಚಿಗೆ ಒಂದೇ ದೀಪ. ಈ ವಿಧಾನವನ್ನು ನಮ್ಮ ನಾಡನ್ನಾಳಿದ ಕಲ್ಯಾಣದ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ವಿವರಿಸಿದ್ದಾನೆ. ಮೇಣದ ತೂಕ ನೋಡಿ ಲೋಹದ ತೂಕ ಗೊತ್ತು ಮಾಡುವ ಲೆಕ್ಕವೂ ಅದರಲ್ಲಿದೆ. ಅರಸನಾದವನು ಇಂಥದನ್ನೂ ಕೂತು ಬರೆದನಲ್ಲ ಎಂದು ನನಗೆ ಬಹಳ ಸಂತೋಷ.

ನಮ್ಮ ಮನೆಗಳ ಸಾದಾ ಸಮೆಗಳು ಹೆಚ್ಚಾಗಿ ಮರಳಿನ ಅಚ್ಚಿನವು. ಎರಡು ಭಾಗದ ಪೆಟ್ಟಿಗೆಯಲ್ಲಿ ಮರಳು ಗಿಡಿದು, ಮಾದರಿಯನ್ನು ಒತ್ತಿ ತೆಗೆದು, ಆ ಗುಳಿಗೆ ಲೋಹ ಎರೆಯುತ್ತಾರೆ. ಆಮೇಲೆ ತಿರುಗಣಿಗೆ ಹಾಕಿ ಕಡೆದು, ಕಾನಸಿನಿಂದ ಉಜ್ಜಿ, ಹೊಳಪು ಕೊಡುತ್ತಾರೆ. ಹುಬ್ಬಳ್ಳಿಯಲ್ಲಿ ಕಂಚಗಾರ ಗಲ್ಲಿ ಎಂದೇ ಇದೆ, ನಿಮಗೆಲ್ಲ ಗೊತ್ತು. ಈಗ ಅಲ್ಲಿಗೆ ಹೋದರೆ ಬಂಗಾರ-ಬೆಳ್ಳಿ ಅಂಗಡಿಗಳೇ ಕಣ್ಣಿಗೆ ಬೀಳುತ್ತವೆ. ಗಲ್ಲಿಯ ಹೆಸರು ಮಾತ್ರ ಆ ಕಸುಬಿನದು. ಪ್ಯಾಟಿಯಲ್ಲಿ ಸಿಗುವ ಹಿತ್ತಾಳೆ ದೀಪಗಳಲ್ಲಿ ಉತ್ತರಪ್ರದೇಶದ ಮುರಾದಾಬಾದಿನ ಮಾಲು ಬಹಳ. ತಮಿಳುನಾಡಿನ ಕುಂಭಕೋಣದ ಹತ್ತಿರದ ನಾಚಿಯಾರ್‌ಕೋವಿಲ್ ಎಂಬ ಊರಿನ ಕುತ್ತುವಿಳಕ್ಕು ಕೂಡ ಹೆಸರುವಾಸಿ. ಅಲ್ಲಿ ಇಂದಿಗೂ ಕೈಯಿಂದ ಎರೆದು ಕಡೆಯುತ್ತಾರೆ, ತಲೆಯ ಮೇಲೆ ಹಂಸ ಕೂತಿರುತ್ತದೆ. ಒಳ್ಳೆಯ ಕೆಲಸ, ಹೆಸರಿಡುವಂತಿಲ್ಲ. ಆದರೆ ನಮ್ಮ ಬಯಲುಸೀಮೆಯ ಸಮೆಗೆ ಅಷ್ಟು ಅಲಂಕಾರ ಇರುವುದಿಲ್ಲ. ನೆಟ್ಟಗೆ ಎದ್ದು ನಿಂತ ಕಂಬ, ಎರಡು-ಮೂರು ಉಂಗುರ, ಒಂದು ಚೂಪು ಶಿಖರ. ನನಗೆ ಅದೇ ಚೆಂದ.

ಈಗ ತೂಕದ ಮಾತು. ಹಳೆಯ ಸಮೆಯನ್ನು ಒಯ್ದರೆ ಅಂಗಡಿಯವರು ಮೋಡಕಾ ದರದಲ್ಲಿ ಹಿಡಿಯುತ್ತಾರೆ, ಅಂದರೆ ಬರೇ ಲೋಹಕ್ಕೆ ಬೆಲೆ. ಕಡೆದ ಕೈಗೆ ಬೆಲೆಯಿಲ್ಲ, ಎಣ್ಣೆಯ ಕಿಟ್ಟಕ್ಕೆಂದು ಸ್ವಲ್ಪ ಮುರಿದುಕೊಳ್ಳುವುದೂ ಉಂಟು. ಹೊಸದಕ್ಕೆ ಮಾತ್ರ ಮಜೂರಿ ಸೇರಿಸಿ ದರ ಹೇಳುತ್ತಾರೆ. ಅದು ವ್ಯಾಪಾರ, ಅವರ ತಪ್ಪಲ್ಲ. ಆದರೆ ಕೊಟ್ಟದ್ದೆಷ್ಟು, ತಂದದ್ದೆಷ್ಟು ಎಂದು ನಾವು ನೋಡಬೇಕಲ್ಲ? ಹೊಸ ಸಮೆ ಕೊಳ್ಳುವ ಪ್ರಸಂಗ ಬಂದರೆ ಮೊದಲು ತಲೆಕೆಳಗು ಮಾಡಿ ಬುಡದ ಒಳಗೆ ನೋಡಿರಿ. ಎರೆದದ್ದಾದರೆ ಒಳಗೆ ಮರಳಿನ ತರಿತರಿ ಗುರುತು ಇರುತ್ತದೆ. ತೆಳು ತಗಡನ್ನು ಯಂತ್ರದ ಮೇಲೆ ಒತ್ತಿ ಮಾಡಿದ್ದಾದರೆ ಒಳಗೂ ನುಣುಪು, ಅಂಚು ತೆಳು. ಕೆಲವಕ್ಕೆ ಬುಡದೊಳಗೆ ಸಿಮೆಂಟಿನಂಥದನ್ನು ತುಂಬಿ ಭಾರ ಮಾಡಿ ಮೇಲೆ ಮುಚ್ಚಿರುತ್ತಾರೆ, ತಟ್ಟಿದರೆ ಸಪ್ಪಳ ಮಂಕು. ಒಂದು ಸಣ್ಣ ಅಯಸ್ಕಾಂತ ಚೀಲದಲ್ಲಿಟ್ಟುಕೊಂಡು ಹೋಗಿರಿ, ಅಂಟಿಕೊಂಡರೆ ಒಳಗಿರುವುದು ಕಬ್ಬಿಣ, ಮೇಲಿನದು ಬರೇ ಲೇಪ. ಬಹಳ ಥಳಥಳ ಹೊಳೆಯುವ ದೀಪಗಳಿಗೆ ವಾರ್ನಿಷಿನಂಥ ಲೇಪ ಇರುತ್ತದೆ. ಪಡಸಾಲೆಯಲ್ಲಿ ಇಡಲಿಕ್ಕೆ ಅಡ್ಡಿಯಿಲ್ಲ, ಹಚ್ಚಿದರೆ ಉರಿಯ ಸುತ್ತ ಸುಟ್ಟು ಕರಿಯಾಗುತ್ತದೆ. ನೀರು ಹಾಕಿ ಅಂಗಡಿಯಲ್ಲೇ ಬಟ್ಟಲು ಸೋರುತ್ತದೇನು ನೋಡಲಿಕ್ಕೂ ನಾಚಿಕೊಳ್ಳಬೇಡಿರಿ.

ಪುಣೆಯಲ್ಲಿ ರಾಜಾ ದಿನಕರ ಕೇಳಕರ ಸಂಗ್ರಹಾಲಯವಿದೆ. ದಿನಕರ ಕೇಳಕರ ಎಂಬವರು ತೀರಿಹೋದ ಮಗನ ನೆನಪಿಗೆ ಕಟ್ಟಿದ್ದು. ಹೆಂಡತಿ ಕಮಲಾಬಾಯಿಯವರ ನೆರವಿನಿಂದ ಊರೂರು ಅಲೆದು ಜನರ ದಿನಬಳಕೆಯ ವಸ್ತುಗಳನ್ನು ಕೂಡಿಹಾಕಿ, 1975ರಲ್ಲಿ ಎಲ್ಲವನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಕೊಟ್ಟರು. ಅಡಕೊತ್ತು, ಭಾಂಡೆ, ಬಾಗಿಲು, ಅದರಲ್ಲೂ ದೀಪಗಳು ಎಷ್ಟೆಂದು ಹೇಳಲಿ! ನಮ್ಮಂಥವರ ಮನೆಯಲ್ಲಿ ಅಟ್ಟದ ಮೇಲೆ ಬಿದ್ದಿರುವಂಥವು ಅಲ್ಲಿ ಗಾಜಿನ ಕಪಾಟಿನಲ್ಲಿವೆ. ಪುಣೆಯಲ್ಲಿ ಬಳಗ ಇದ್ದವರು ಹೋದಾಗ ಒಮ್ಮೆ ನೋಡಿಕೊಂಡು ಬನ್ನಿ. ಯಜಮಾನರನ್ನೂ ಕರೆದುಕೊಂಡು ಹೋಗಿರಿ.

ಇಷ್ಟರ ಮೇಲೆ ಪತ್ರದ ತಂಗಿಗೆ ಹೇಳುವುದು, ತೂಕಕ್ಕೆ ಹಾಕಬೇಡ. ಅದು ಜಗಳ ಬಗೆಹರಿಸುವ ದಾರಿಯಲ್ಲ, ಜಗಳದ ಸಾಮಾನನ್ನೇ ಇಲ್ಲದಂತೆ ಮಾಡುವುದು. ನಾದಿನಿ ಕೇಳಿದ್ದು ತಾಯಿಯ ಸಮೆಯನ್ನು, ಕಿಲೋ ಹಿತ್ತಾಳೆಯನ್ನಲ್ಲ.

ಎರಡನೆಯದು, ಕೊಡುವುದೋ ಬಿಡುವುದೋ ಎಂದು ಕೇಳಿದ್ದೀ. ಇಲ್ಲಿ ಒಂದು ಮಾತು ತಿಳಿದುಕೋ. ಸಮೆಯ ಬುಡದ ಕೆಳಗೆ, ಇಲ್ಲವೆ ಬಟ್ಟಲಿನ ಹೊರಮೈಯಲ್ಲಿ, ಉಳಿಯ ಚುಕ್ಕೆಗಳಿಂದ ಕೊರೆದ ಹೆಸರು ಇದೆಯೇ ನೋಡು. ಹಿಂದೆ ಭಾಂಡೆ ಕೊಂಡ ಕೂಡಲೇ ಅಂಗಡಿಯಲ್ಲೇ ಹೆಸರು ಹಾಕಿಸುತ್ತಿದ್ದರು. ನಿಮ್ಮ ಅತ್ತೆಯವರ ಹೆಸರೋ, ಅವರ ತಾಯಿಯ ಹೆಸರೋ, ಕೊಟ್ಟ ಸೋದರಮಾವನ ಹೆಸರೋ ಇದ್ದೀತು. ತವರಿನಿಂದ ಮದುವೆಗೆ ಬಂದದ್ದು ಹೆಂಗಸಿನ ಸ್ವಂತದ್ದು, ಸ್ತ್ರೀಧನ. ನಾನು ಎಸ್ಸೆಸ್ಸೆಲ್ಸಿ ಓದಿದಾಕಿ, ಕಾಯ್ದೆ ಬಲ್ಲವಳಲ್ಲ. ಅದಕ್ಕೆಂದೇ ನಮ್ಮ ಓಣಿಯ ವಕೀಲರನ್ನು ಕೇಳಿಕೊಂಡು ಬರೆಯುತ್ತಿದ್ದೇನೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮೃತ್ಯುಪತ್ರ ಬರೆದಿಡದೆ ಹೆಂಗಸು ತೀರಿಕೊಂಡರೆ ಆಕೆಯ ಸ್ವಂತದ್ದು ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ಗಂಡನಿಗೆ ಸಮಪಾಲು. ಮಗಳಿಗೆ ಮದುವೆಯಾಗಿದೆಯೋ ಇಲ್ಲವೋ, ಆಕೆಯ ಗಂಡ ಇದ್ದಾನೋ ಇಲ್ಲವೋ, ಕಾಯ್ದೆ ಕೇಳುವುದಿಲ್ಲ. ಸೊಸೆಗೆ ಅದರಲ್ಲಿ ಪಾಲೇ ಇಲ್ಲ ತಂಗಿ! ನಿನ್ನ ಕೈಗೆ ಬರುವುದು ನಿನ್ನ ಗಂಡನ ಪಾಲು. ಆದುದರಿಂದ ನಾದಿನಿಗೆ 'ಕೊಡುವುದು' ಎಂಬ ಮಾತೇ ಸರಿಯಲ್ಲ. ಆಕೆ ತನ್ನದನ್ನು ಒಯ್ಯುತ್ತಾಳೆ.

ಕಾಯ್ದೆ ಹೀಗೆ ಹೇಳಿತೆಂದು ಚಿಕ್ಕತ್ತೆಯವರ ಮುಂದೆ ಓದಿ ಹೇಳಲಿಕ್ಕೆ ಹೋಗಬೇಡ. ಹಿರಿಯರ ಮುಂದೆ ಕಾಯ್ದೆಯ ಮಾತು ತೆಗೆದರೆ ಕೆಲಸ ಕೆಡುತ್ತದೆ. ಅವರ ಮಾತಿಗೆ ಅವರದೇ ದಾರಿಯಲ್ಲಿ ಉತ್ತರ ಕೊಡಬೇಕು.

ಜೋಡಿ ಅಗಲಿಸಬಾರದು ಅಂತಾರಲ್ಲ, ಎರಡನ್ನೂ ಪಕ್ಕದಲ್ಲಿಟ್ಟು ದಾರದಿಂದ ಅಳೆದು ತೋರಿಸು. ಕೈಯಿಂದ ಕಡೆದ ಸಮೆಗಳು ಒಂದರಂತೆ ಒಂದು ಇರುವುದು ಅಪರೂಪ. ಒಂದರ ಉಂಗುರ ಎಳ್ಳಷ್ಟು ಮೇಲೆ, ಇನ್ನೊಂದರ ಬಟ್ಟಲು ಎಳ್ಳಷ್ಟು ಅಗಲ. ಒಂದರ ಕಂಬವನ್ನು ಇನ್ನೊಂದರ ಬುಡಕ್ಕೆ ತಿರುವಿ ನೋಡು, ಕೂತರೆ ಆಶ್ಚರ್ಯ. ತಿರುಪನ್ನೂ ಕೈಯಿಂದಲೇ ಕೊರೆದಿರುತ್ತಾರೆ, ತನ್ನ ಬುಡಕ್ಕೆ ತಾನೇ ಹೊಂದುವಂತೆ. ಯಾವ ಕಂಬಕ್ಕೆ ಯಾವ ಬುಡ ಎಂದು ತಿಳಿಯಲಿಕ್ಕೆ ಕೆಲವು ಹಳೆಯ ದೀಪಗಳಲ್ಲಿ ಸಣ್ಣ ಗೆರೆಯ ಗುರುತೂ ಇರುತ್ತದೆ. ಅವು ಜೋಡಿಯಾದದ್ದು ನಿಮ್ಮ ದೇವರ ಎರಡು ಬದಿಗೆ ಇಟ್ಟದ್ದರಿಂದ. ಒಂದೊಂದೂ ತನ್ನ ಎಣ್ಣೆಯಲ್ಲಿ ತಾನು ಉರಿಯುವಂಥದು.

ಇನ್ನು 'ಅಂಥಾಕಿ' ಎಂಬ ಮಾತು. ಇದಕ್ಕೆ ನಾನು ನಮ್ಮ ಮನೆಯದೊಂದು ಸಂಗತಿ ಹೇಳಬೇಕು.

ನಮ್ಮ ಸೋದರತ್ತೆ ಇಪ್ಪತ್ತಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೇ ಬಂದು ಉಳಿದವರು. ನಾನು ಕಣ್ಣು ಬಿಟ್ಟಾಗಿನಿಂದ ನೋಡಿದ್ದು ಅವರ ಕೈಯಲ್ಲಿ ಹತ್ತಿ. ನಮ್ಮದು ಎರಿಮಣ್ಣಿನ ನಾಡು, ಹತ್ತಿಗೆ ಏನು ಕೊರತೆ! ಧಾರವಾಡದ ಸಂಶೋಧನಾ ಕೇಂದ್ರದಲ್ಲೇ ಅಲ್ಲವೆ ಡಾ. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಹತ್ತಿ ತೆಗೆದದ್ದು. ಆದರೆ ಆ ಉದ್ದ ಎಳೆಯ ಹತ್ತಿ ಸೀರೆಗಾಯಿತು. ಬತ್ತಿಗೆ ಅತ್ತೆ ಬೇಡುತ್ತಿದ್ದುದು ಗಿಡ್ಡ ಎಳೆಯ ಜವಾರಿ ಹತ್ತಿಯನ್ನೇ, ಜಯಧರ ಸಿಕ್ಕರೆ ಬಹಳ ಖುಷಿ. ಹೊಲದಿಂದ ಬಂದ ಹತ್ತಿಯಲ್ಲಿ ಒಂದು ಬಗೆಯ ಮೇಣದ ಅಂಶ ಇರುತ್ತದೆ, ನೀರು ಹಿಡಿಯುವುದಿಲ್ಲ, ಎಣ್ಣೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಔಷಧದಂಗಡಿಯ ಬಿಳಿ ಹತ್ತಿಗೆ ದುಡ್ಡು ಹಾಕಬೇಕಾದ್ದಿಲ್ಲ. ಈಗ ಪ್ಯಾಕೆಟ್ಟಿನಲ್ಲಿ ಬರುವ ಬತ್ತಿಗಳಲ್ಲಿ ಕೆಲವಕ್ಕೆ ಬೇರೆ ನೂಲು ಕೂಡಿರುತ್ತದೆ. ಒಂದನ್ನು ಸುಟ್ಟು ನೋಡಿರಿ, ಬೂದಿಯಾದರೆ ಹತ್ತಿ, ಗಟ್ಟಿ ಮಣಿಯಂತೆ ಉಂಡೆಯಾದರೆ ಅದು ದೀಪಕ್ಕಲ್ಲ.

ಅತ್ತೆ ಬೀಜ ತೆಗೆದು, ಹಿಂಜಿ, ಹಾಲು-ಕುಂಕುಮ ಮುಟ್ಟಿಸಿ ಗೆಜ್ಜೆವಸ್ತ್ರ ಮಾಡುತ್ತಿದ್ದರು. ತೊಡೆಯ ಮೇಲೆ ಹೊಸೆದು ಎಳೆಬತ್ತಿ, ಬೆರಳಲ್ಲಿ ತಿರುವಿ ಹೂಬತ್ತಿ. ಓಣಿಯಲ್ಲಿ ಯಾರು ಲಕ್ಷಬತ್ತಿಯ ವ್ರತ ಹಿಡಿದರೂ ಅರ್ಧ ಬತ್ತಿ ಅತ್ತೆಯವು. ಕಾರ್ತೀಕದಲ್ಲಿ ಸಿದ್ಧಾರೂಢರ ಮಠದ ಲಕ್ಷದೀಪೋತ್ಸವಕ್ಕೆ ಹೋಗುವವರೆಲ್ಲ ಒಂದು ಕಟ್ಟು ಒಯ್ಯುತ್ತಿದ್ದರು. ನಾಗರ ಅಮಾವಾಸ್ಯೆಗೆ ದೀಪ ತಿಕ್ಕುವವರೂ ಅವರೇ. ಆದರೆ ದೀಪಾವಳಿಯ ನಸುಕಿನಲ್ಲಿ ಗಂಡಸರನ್ನೆಲ್ಲ ಮಣೆಯ ಮೇಲೆ ಕೂಡಿಸಿ ಆರತಿ ಎತ್ತುವಾಗ ಅತ್ತೆ ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಯಾರೂ ಬರಬೇಡ ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಒಂದು ವರ್ಷ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಹೊರಟಿತ್ತು. ಹುಡುಗಿಯರೆಲ್ಲ ಸಕ್ಕರೆ ಗೊಂಬೆ ಇಟ್ಟುಕೊಂಡು ತಾಟು ಹಿಡಿದು ನಿಂತಿದ್ದೆವು. ನಮ್ಮ ಅವ್ವ ದೊಡ್ಡ ತಾಟನ್ನು ಒಯ್ದು ಅತ್ತೆಯ ಕೈಯಲ್ಲಿಟ್ಟು, "ಬತ್ತಿ ನಿಮ್ಮವು, ತುಪ್ಪಾನೂ ನೀವ ಕಾಸಿದ್ದು. ದೀಪಾನೂ ನೀವ ಹಚ್ರಿ ಅಕ್ಕಾ" ಅಂದಳು. ಅತ್ತೆ "ಬ್ಯಾಡವಾ, ಹುಡುಗ್ರ ಹಬ್ಬಾ" ಅ‌ಂದು ಹಿಂದೆ ಸರಿದರು. ಅವ್ವ ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಅಲ್ಲೇ ನಿಂತಳು. ಕಡೆಗೆ ಅತ್ತೆ ಹಚ್ಚಿದರು, ಗೌರಿಗೆ ಎತ್ತಿದರು. ಅಜ್ಜಿ ಎರಡು ದಿನ ಅವ್ವನ ಕೂಡ ಮಾತಾಡಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುವಾಗ ಹಿಟ್ಟು ಸಾಲದೆ ಬಂದು, ಮಾತಾಡಲೇಬೇಕಾಯಿತು. ಆಮೇಲಿನ ವರ್ಷಗಳಲ್ಲಿ ಅತ್ತೆಯೇ ಹಚ್ಚುತ್ತಿದ್ದರು, ಅಜ್ಜಿಯೂ ಎದುರಿಗೇ ಕೂತಿರುತ್ತಿದ್ದಳು. ಆ ಮನೆಯಲ್ಲಿ ಅದರಿಂದ ಯಾರಿಗೂ ಏನೂ ಆಗಲಿಲ್ಲ. ನಾವು ಆರೂ ಮಂದಿ ಮಕ್ಕಳು ಗಟ್ಟಿಮುಟ್ಟಾಗಿ ಬೆಳೆದೆವು.

ಆದುದರಿಂದ ತಂಗಿ, ನಾದಿನಿಗೆ ಫೋನು ಮಾಡಿ "ಎಲ್ಲಾರೂ ಸೇರಿ ಯೋಚನೆ ಮಾಡಿ ಹೇಳ್ತೀವಿ" ಎನ್ನಬೇಡ. "ಅಮಾವಾಸ್ಯೆ ದಿನಾ ಬರ್ರಿ, ಎರಡೂ ಕೂಡೇ ತಿಕ್ಕೋಣು, ನಿಮಗ ಬೇಕಾದ್ದನ್ನ ಆರಿಸಿಕೋರಿ" ಎನ್ನು. ಆರಿಸುವ ಹಕ್ಕು ಆಕೆಗೆ ಮೊದಲು, ತಾಯಿ ಆಕೆಯವಳು. ಅಂದು ಸಂಜೆ ನಿಮ್ಮ ಮನೆಯಲ್ಲೇ ಎರಡನ್ನೂ ಹಚ್ಚಿರಿ, ಒಂದನ್ನು ನೀನು, ಒಂದನ್ನು ಆಕೆ. ಚಿಕ್ಕತ್ತೆಯವರನ್ನೂ ಊಟಕ್ಕೆ ಕರೆ. ಬಂದರೆ ಸಂತೋಷ. ಬಾರದಿದ್ದರೆ ಡಬ್ಬಿಯಲ್ಲಿ ಹಾಕಿ ಕಳಿಸು, ಸಿಟ್ಟು ಎಷ್ಟು ದಿನ ಇರುತ್ತದೆ? ಯಜಮಾನರಿಗೆ ಒಂದು ಮಾತು ಮೊದಲೇ ಹೇಳಿಡು, ಅಂದು ಮೋಡಕಾದ ಸುದ್ದಿ ತೆಗೆಯಬಾರದೆಂದು.

ಒಯ್ಯುವಾಗ ಸಮೆಯನ್ನು ಇಡಿಯಾಗಿ ಚೀಲದಲ್ಲಿ ಹಾಕಬೇಡಿರಿ. ಬಸ್ಸಿನಲ್ಲಿ ಕುಲುಕಿ ತಿರುಪು ಸವೆಯುತ್ತದೆ, ಕಂಬ ಬಾಗುತ್ತದೆ. ಬಿಚ್ಚಿ, ಒಂದೊಂದು ತುಂಡನ್ನೂ ಹಳೆ ಸೀರೆಯ ಚೂರಿನಲ್ಲಿ ಸುತ್ತಿ, ಎರಡು ಸಮೆಯ ತುಂಡು ಅದಲುಬದಲಾಗದಂತೆ ದಾರ ಕಟ್ಟಿರಿ. ತಿರುಪು ಬಿಗಿಯಾಗಿ ಬಿಚ್ಚದಿದ್ದರೆ ಇಕ್ಕಳ ಹಾಕಬೇಡಿರಿ. ಒಳಗೆ ಹಳೆಯ ಎಣ್ಣೆ ಅಂಟಾಗಿ ಕೂತಿರುತ್ತದೆ. ಬಿಸಿನೀರಿನಲ್ಲಿ ಅರ್ಧ ತಾಸು ಇಟ್ಟರೆ ಸಡಿಲಾಗುತ್ತದೆ. ನಮ್ಮ ಕಡೆ ದೀಪಕ್ಕೆ ಕುಸುಬಿ ಎಣ್ಣೆ ಹಾಕುವ ರೂಢಿ ಬಹಳ. ಅದು ಗಾಳಿಗೆ ಒಣಗಿ ವಾರ್ನಿಷಿನಂತೆ ಹಿಡಿಯುವ ಎಣ್ಣೆ, ವಾರಕ್ಕೊಮ್ಮೆಯಾದರೂ ಒರೆಸಬೇಕು. ಔಡಲೆಣ್ಣೆ ದಪ್ಪ, ನಿಧಾನ ಉರಿಯುತ್ತದೆ, ಅದಕ್ಕೆ ಬತ್ತಿಯೂ ಸ್ವಲ್ಪ ದಪ್ಪ ಬೇಕು.

ಜಿಡ್ಡು ಬಹಳವಿದ್ದರೆ ಮೊದಲು ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ನೆನೆಸಿ ಜಿಡ್ಡು ಬಿಡಿಸಿರಿ. ಆಮೇಲೆ ಹುಣಸೆಹಣ್ಣು, ಉಪ್ಪು. ಹುಣಸೆಯಲ್ಲಿ ರಾತ್ರಿಯಿಡೀ ಮುಳುಗಿಸಿಡುವವರಿದ್ದಾರೆ, ಅದು ಬೇಡವೇ ಬೇಡ. ಹುಳಿಯಲ್ಲಿ ಬಹಳ ಹೊತ್ತು ಬಿದ್ದರೆ ಹಿತ್ತಾಳೆಯೊಳಗಿನ ಸತು ಕರಗಿ ಮೈಮೇಲೆ ಗುಲಾಬಿ ಬಣ್ಣದ ಕಲೆ ಮೂಡುತ್ತದೆ. ಹಚ್ಚಿ, ತಿಕ್ಕಿ, ಹತ್ತು ನಿಮಿಷದಲ್ಲಿ ತೊಳೆದು ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಬಟ್ಟಲು ಸೋರುತ್ತಿದ್ದರೆ ಬೆಸುಗೆ ಹಾಕುವವರನ್ನು ಹುಡುಕಿರಿ, ಅಂಗಡಿಯ ಅಂಟು ಬಿಸಿಗೆ ನಿಲ್ಲುವುದಿಲ್ಲ.

ಪಣತಿಯ ವಿಷಯ ದೀಪಾವಳಿಯ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ದುರ್ಗದಬೈಲಿನಲ್ಲಿ ಬುಟ್ಟಿ ಇಟ್ಟು ಕೂಡುವ ಕುಂಬಾರರ ಹೆಣ್ಣುಮಕ್ಕಳ ಬಗ್ಗೆ ಬರೆಯುವುದು ಬಹಳವಿದೆ. ಸದ್ಯಕ್ಕೆ ಒಂದೇ ಮಾತು, ಹೊಸ ಪಣತಿ ಎಣ್ಣೆ ಕುಡಿಯುತ್ತದೆಂದು ಬೈಯುವ ಮೊದಲು ಹಿಂದಿನ ರಾತ್ರಿ ನೀರಲ್ಲಿ ಹಾಕಿಡಿರಿ.

ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಮಾಡುವ ಕಣಕದ ದೀಪ ಹೀಗೆ. ಒಂದು ವಾಟಗ ಗೋಧಿ ಹಿಟ್ಟಿಗೆ ಅರ್ಧ ವಾಟಗ ಬೆಲ್ಲ. ಬೆಲ್ಲವನ್ನು ಕಾಲು ವಾಟಗ ನೀರಲ್ಲಿ ಕರಗಿಸಿ ಸೋಸಿ ಆರಲು ಬಿಡಿರಿ. ಹಿಟ್ಟಿಗೆ ಒಂದು ಚಮಚ ಬಿಸಿ ತುಪ್ಪ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಹಾಕಿ, ಬೆಲ್ಲದ ನೀರಿನಿಂದ ಗಟ್ಟಿಯಾಗಿ ನಾದಿರಿ. ನೀರು ಒಮ್ಮೆಲೇ ಸುರಿಯಬೇಡಿರಿ, ಹಿಟ್ಟು ಸಡಿಲಾದರೆ ದೀಪ ಕುಸಿಯುತ್ತದೆ. ನಿಂಬೆಹಣ್ಣಿನಷ್ಟು ಉಂಡೆ ಮಾಡಿ ನಡುವೆ ಹೆಬ್ಬೆರಳಿನಿಂದ ಒತ್ತಿ ಗುಳಿ ಮಾಡಿ, ಒಂದು ಬದಿಗೆ ಮೂತಿ ಹಿಂಡಿರಿ. ತುಪ್ಪ ಸವರಿದ ತಟ್ಟೆಯಲ್ಲಿಟ್ಟು ಇಡ್ಲಿಯಂತೆ ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿರಿ. ಪೂಜೆಗೆ ಐದನ್ನು ತುಪ್ಪ-ಹೂಬತ್ತಿ ಹಾಕಿ ಹಚ್ಚಿ, ಉಳಿದವನ್ನು ಹಾಗೇ ಮುಚ್ಚಿಡಿರಿ. ಹಚ್ಚಿದವು ತಾವಾಗಿ ಆರಿದ ಮೇಲೆ ಬತ್ತಿ ತೆಗೆದು, ಕರಿಯಾದಷ್ಟನ್ನು ಚಿವುಟಿ ಹಾಕಿ, ಮೇಲೆ ತುಪ್ಪ ಸುರಿದುಕೊಂಡು ತಿನ್ನುವುದು. ಬೆಚ್ಚಗಿದ್ದಾಗಲೇ ತಿನ್ನಿರಿ, ಆರಿದರೆ ಗಟ್ಟಿ. ಮುದುಕರಿಗೆ ಹಾಲಿನಲ್ಲಿ ನೆನೆಸಿ ಕೊಡಿರಿ.